ಹೊರದೇಶದ ಕ್ಲೈಂಟ್‌ಗೆ ಮೆಸೇಜ್ ಬರೆಯುವಾಗ
ತುಮಕೂರಿನಲ್ಲಿ ಕೂತು ಫ್ರೀಲಾನ್ಸ್ ಕೆಲಸ ಮಾಡುವವರೇ, ಎಲ್ಲ ಕ್ಲೈಂಟ್‌ಗೂ ‘ಸರ್’ ಅಂತ ಶುರು ಮಾಡಬೇಡಿ. ಆ ಕಡೆ ಇರುವವರು ಹೆಂಗಸಾಗಿದ್ದರೆ ಮೊದಲ ಸಾಲಿನಲ್ಲೇ ಮುಜುಗರ. ಪ್ರೊಫೈಲ್‌ನಲ್ಲಿ ಹೆಸರು ಇರುತ್ತದೆ ಅಲ್ವಾ, ಅದನ್ನು ಅಕ್ಷರ ತಪ್ಪದೆ ಬರೆಯಿರಿ. ಅಮೆರಿಕದವರಿಗೆ ಸಾಮಾನ್ಯವಾಗಿ ಮೊದಲ ಹೆಸರೇ ಸಾಕು. ವಯಸ್ಸಾದವರನ್ನು ಹೆಸರು ಹಿಡಿದು ಕರೆಯಲು ನಮಗೆ ಬಾಯಿ ಬರುವುದಿಲ್ಲ ನಿಜ, ಆದರೆ ಅಲ್ಲಿ ಅದು ಅಗೌರವವಲ್ಲ. ಜಪಾನಿನವರಾದರೆ ಮನೆತನದ ಹೆಸರಿನ ಕೊನೆಗೆ ‘ಸಾನ್’ ಸೇರಿಸಿ, ತನಾಕಾ-ಸಾನ್ ಅನ್ನುವ ಹಾಗೆ. ನಿಮ್ಮ ಹೆಸರಿಗೆ ಮಾತ್ರ ನೀವೇ ಅದನ್ನು ಹಾಕಿಕೊಳ್ಳಬಾರದು. ಜರ್ಮನಿಯವರಿಗೂ ಮೊದಮೊದಲು ಮನೆತನದ ಹೆಸರೇ ಸರಿ. ಇನ್ನೊಂದು ವಿಷಯ, ನಮಗೆ ಸಂಜೆ 6.30 ಆದಾಗ ಟೋಕಿಯೋದಲ್ಲಿ ರಾತ್ರಿ 10 ಗಂಟೆ, ಆ ಹೊತ್ತಿನಲ್ಲಿ ಪೇಮೆಂಟ್ ಕೇಳಿ ಮೆಸೇಜ್ ಮೇಲೆ ಮೆಸೇಜ್ ಹಾಕಬೇಡಿ.