ಮುಳುಗಡೆಯಾದ ಮನೆಯ ವಿಡಿಯೊ, ಅದಕ್ಕೆ ಹೊಂದುವ ಡಿಸ್ಕ್

ನಮ್ಮ ಹಳೆಯ ಮನೆ ಇದ್ದದ್ದು ಬಾಗಲಕೋಟೆಯ ಹಳೆ ಊರಿನಲ್ಲಿ, ಘಟಪ್ರಭೆಯ ಕಡೆ ಇಳಿಯುವ ಓಣಿಯಲ್ಲಿ. ಆಲಮಟ್ಟಿ ಹಿನ್ನೀರಿಗೆ ಆ ಓಣಿ ಮುಳುಗಡೆ ಪಟ್ಟಿಗೆ ಸೇರಿತು. ನಾವು ನವನಗರಕ್ಕೆ ಬಂದು ಹೊಸ ಮನೆ ಕಟ್ಟಿಸಿದೆವು. ಆ ಮನೆಯ ತಲಬಾಗಿಲು, ಪಡಸಾಲೆ, ಅಜ್ಜಿ ಕೂತು ರೊಟ್ಟಿ ಬಡಿಯುತ್ತಿದ್ದ ಒಲೆಯ ಮುಂದಿನ ಜಾಗ, ಹೋಳಿಯಲ್ಲಿ ಓಣಿಗೆ ಬರುತ್ತಿದ್ದ ಬಣ್ಣದ ಬಂಡಿ, ಎಲ್ಲವೂ ಈಗ ಇರುವುದು 11 ವಿಎಚ್‌ಎಸ್ ಕ್ಯಾಸೆಟ್‌ಗಳಲ್ಲಿ ಮಾತ್ರ. ನಮ್ಮ ಕಾಕಾ ಮದುವೆ ವಿಡಿಯೊ ತೆಗೆಯುವ ಕೆಲಸದವರು. 1994ರಿಂದ 2000ರವರೆಗೆ, ಮುಹೂರ್ತವಿಲ್ಲದ ದಿನಗಳಲ್ಲಿ, ಹೆಗಲ ಮೇಲೆ ಹೊರುವ ಆ ದೊಡ್ಡ ಕ್ಯಾಮೆರಾದಲ್ಲಿ ಮನೆಯನ್ನೂ ಓಣಿಯನ್ನೂ ತುಂಬಿಟ್ಟರು.

2008ರ ಹೊತ್ತಿಗೆ ಕ್ಯಾಸೆಟ್‌ಗಳ ಕಿಟಕಿಯೊಳಗೆ ಬಿಳಿ ಬೂಸ್ಟು ಕಾಣತೊಡಗಿತು. ಟೇಪ್ ಓಡಿದಾಗಲೆಲ್ಲ ವಿಸಿಆರ್‌ನ ಹೆಡ್ಡಿಗೆ ಉಜ್ಜಿ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ಬೂಸ್ಟು ಹಿಡಿದ ಟೇಪ್ ಹರಿಯುವ ಭಯವೂ ಇದೆ. ಅಂದರೆ ಒಂದೊಂದು ಕ್ಯಾಸೆಟ್ಟನ್ನೂ ಇನ್ನೆಷ್ಟು ಸಲ ಓಡಿಸಬಹುದು ಎಂಬ ಲೆಕ್ಕ ಶುರುವಾಗಿತ್ತು. ಹಾಗಾಗಿ ಒಂದು ಡಿವಿಡಿ ರೆಕಾರ್ಡರ್ ಕೊಂಡೆ. ವಿಸಿಆರ್‌ನ ಹಳದಿ, ಬಿಳಿ, ಕೆಂಪು ವಯರುಗಳನ್ನು ಅದಕ್ಕೆ ಚುಚ್ಚಿ, ಒಂದು ಕಡೆ ಪ್ಲೇ, ಇನ್ನೊಂದು ಕಡೆ ರೆಕಾರ್ಡ್ ಒತ್ತಿದರೆ ಸಾಕು. ಡಿಸ್ಕಿನ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ.

"ಅಣ್ಣಾರ, ಡಿವಿಡಿ ಅಂದ್ರ ಡಿವಿಡಿ, ಎಲ್ಲಾ ಒಂದ," ಎಂದು ಅಂಗಡಿಯ ಹುಡುಗ 50 ಡಿಸ್ಕಿನ ಒಂದು ಡಬ್ಬಿ ಕೊಟ್ಟ. ಮನೆಗೆ ತಂದು ಟ್ರೇಯಲ್ಲಿಟ್ಟೆ. ರೆಕಾರ್ಡರ್ ಅರ್ಧ ನಿಮಿಷ ಗರಗರ ಎಂದು ತಿರುಗಿಸಿ, ಈ ಡಿಸ್ಕಿನಲ್ಲಿ ಬರೆಯಲಾಗದು ಎಂದು ಹೊರಗೆ ತಳ್ಳಿತು. ಇನ್ನೊಂದು ಹಾಕಿದೆ, ಅದೂ ಅಷ್ಟೇ. ಐದನೆಯದಕ್ಕೆ ಮ್ಯಾನ್ಯುಯಲ್ ತೆಗೆದೆ. ನನ್ನ ರೆಕಾರ್ಡರ್ ಬರೆಯುವುದು ಮೂರೇ ಜಾತಿಯ ಡಿಸ್ಕಿನ ಮೇಲೆ: ಡ್ಯಾಶ್ ಆರ್ (ಡಿಸ್ಕಿನ ಮೇಲೆ DVD-R ಎಂದಿರುತ್ತದೆ), ಡ್ಯಾಶ್ ಆರ್‌ಡಬ್ಲ್ಯು ಮತ್ತು ರ‍್ಯಾಮ್. ನಾನು ತಂದದ್ದು ಪ್ಲಸ್ ಆರ್ (DVD+R).

ಹೆಸರಿನಲ್ಲಿ ಒಂದು ಅಡ್ಡಗೆರೆಗೆ ಇನ್ನೊಂದು ನಿಂತ ಗೆರೆ ಸೇರಿದೆ, ಅಷ್ಟೇ ವ್ಯತ್ಯಾಸ. ಎರಡೂ 4.7 ಜಿಬಿ, ಎರಡಕ್ಕೂ ಅದೇ ನೇರಳೆ ಹೊಳಪು. ಆದರೆ ಇವು ಎರಡು ಬೇರೆ ಬೇರೆ ಗುಂಪಿನ ಕಂಪನಿಗಳು ಮಾಡಿದ ಎರಡು ಬೇರೆ ಕ್ರಮಗಳು. ಲೇಸರ್ ದಾರಿ ತಪ್ಪದಿರಲೆಂದು ಖಾಲಿ ಡಿಸ್ಕಿನ ಮೇಲೆ ಮೊದಲೇ ಕೊರೆದಿರುವ ಗಾಡಿ ಜಾಡಿನಂಥ ಗೆರೆ ಒಂದರಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಕಂಪ್ಯೂಟರಿನ ಡ್ರೈವುಗಳು ಆಗಲೇ ಎರಡನ್ನೂ ಬರೆಯುತ್ತಿದ್ದವು. ಟಿವಿ ಪಕ್ಕದಲ್ಲಿಡುವ ರೆಕಾರ್ಡರ್‌ಗಳಲ್ಲಿ ಒಂದೊಂದರ ಹಟ ಒಂದೊಂದು ಥರ. ಆ 50 ಡಿಸ್ಕನ್ನು ಕಂಪ್ಯೂಟರ್ ಇದ್ದ ಅಳಿಯನಿಗೆ ಕೊಟ್ಟೆ. ಅಂದಿನಿಂದ ಇಂದಿನವರೆಗೂ ನಾನು ಮ್ಯಾನ್ಯುಯಲ್‌ನ ಆ ಪುಟದ ಝೆರಾಕ್ಸ್ ಜೇಬಿನಲ್ಲಿಟ್ಟುಕೊಂಡೇ ಡಿಸ್ಕ್ ಕೊಳ್ಳಲು ಹೋಗುತ್ತೇನೆ.

ಮೂರು ಜಾತಿಯಲ್ಲಿ ಯಾವುದು ಎಂಬುದು ಮುಂದಿನ ಪ್ರಶ್ನೆ. ಮೊದಲು ಮನಸ್ಸು ಹೋದದ್ದು ರ‍್ಯಾಮ್ ಕಡೆಗೆ. ಅದನ್ನು ಒಂದು ಲಕ್ಷ ಸಲ ಅಳಿಸಿ ಬರೆಯಬಹುದು. ಡಿಸ್ಕಿನ ಮೇಲೆಯೇ ಬೇಡದ ಭಾಗ ಕತ್ತರಿಸಬಹುದು, ಫೈನಲೈಸ್ ಮಾಡುವ, ಅಂದರೆ ಬರೆದಾದ ಮೇಲೆ ಡಿಸ್ಕನ್ನು ಮುಚ್ಚುವ, ಗೊಡವೆ ಇಲ್ಲ. ಬೆಳಕಿಗೆ ಹಿಡಿದರೆ ಮೇಲ್ಮೈಯಲ್ಲಿ ಚಿಕ್ಕ ಚಿಕ್ಕ ಆಯತಗಳ ಸಾಲು ಕಾಣುತ್ತದೆ, ಗುರುತು ಹಿಡಿಯುವುದು ಸುಲಭ. ಆದರೆ ನನ್ನ ಅಕ್ಕ ಸೊಲ್ಲಾಪುರದಲ್ಲಿ, ತಮ್ಮ ಹುಬ್ಬಳ್ಳಿಯಲ್ಲಿ, ಕಾಕಾನ ಮಕ್ಕಳು ಮುಧೋಳದಲ್ಲಿ. ಅವರ ಮನೆಗಳಲ್ಲಿದ್ದ ಸಾದಾ ಪ್ಲೇಯರ್‌ಗಳು ರ‍್ಯಾಮ್ ಓದುವುದಿಲ್ಲ. ನನ್ನೊಬ್ಬನ ಪೆಟ್ಟಿಗೆಯಲ್ಲಿ ಮಾತ್ರ ಓಡುವ ಡಿಸ್ಕಿನಲ್ಲಿ ಎಲ್ಲರ ಮನೆಯನ್ನು ತುಂಬಿಡುವುದು ನನಗೆ ಸರಿ ಕಾಣಲಿಲ್ಲ. ಬರೆಯುವ ಯಂತ್ರ ಒಪ್ಪಬೇಕು, ನಿಜ. ಆದರೆ ನೋಡುವವರ ಯಂತ್ರ ಒಪ್ಪದಿದ್ದರೆ ಬರೆದೂ ಉಪಯೋಗವಿಲ್ಲ. ಮೂರೂ ಮನೆಗೆ ಫೋನ್ ಹಚ್ಚಿ, ಪ್ಲೇಯರ್ ಮುಂಭಾಗದಲ್ಲಿ ಏನೇನು ಗುರುತು ಇದೆ ಓದಿ ಹೇಳಿರಿ ಎಂದು ಕೇಳಿ ಬರೆದುಕೊಂಡೆ. ಮೂರಕ್ಕೂ ಒಪ್ಪಿಗೆಯಾದದ್ದು ಡ್ಯಾಶ್ ಆರ್ ಒಂದೇ.

ಆರ್‌ಡಬ್ಲ್ಯು ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ನನ್ನ ಕೆಲಸ ಉಳಿಸಿದ್ದು ಅದೇ. ಡ್ಯಾಶ್ ಆರ್‌ನಲ್ಲಿ ಬಣ್ಣದ ಒಂದು ತೆಳು ಪದರ ಇರುತ್ತದೆ. ಲೇಸರ್ ಅದನ್ನು ಸುಟ್ಟು ಗುರುತು ಮಾಡುತ್ತದೆ, ಒಮ್ಮೆ ಸುಟ್ಟರೆ ಮುಗಿಯಿತು. ಆರ್‌ಡಬ್ಲ್ಯುನಲ್ಲಿ ಬಣ್ಣದ ಬದಲು ಲೋಹಗಳ ಮಿಶ್ರಣ. ಕಾಯಿಸಿ ಬೇಗ ತಣಿಸಿದರೆ ಒಂದು ರೂಪ, ನಿಧಾನ ತಣಿಸಿದರೆ ಇನ್ನೊಂದು. ಹಾಗಾಗಿ ಸಾವಿರ ಸಲದಷ್ಟು ಅಳಿಸಿ ಬರೆಯಬಹುದು. ಅದು ಬೆಳಕನ್ನು ಹಿಂದಕ್ಕೆ ಕಳಿಸುವುದು ಕಡಿಮೆ, ಅದಕ್ಕೇ ಹಳೆಯ ಪ್ಲೇಯರ್‌ಗಳು ಅದನ್ನು ಕಂಡು ಗಲಿಬಿಲಿಗೊಳ್ಳುತ್ತವೆ. ಅಕ್ಕನ ಪ್ಲೇಯರ್ ಆರ್‌ಡಬ್ಲ್ಯು ಓದಲೇ ಇಲ್ಲ. ಆದರೆ ತಾಲೀಮಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಪ್ರತಿ ಕ್ಯಾಸೆಟ್ಟಿನ ಮೊದಲ ಐದು ನಿಮಿಷವನ್ನು ಆರ್‌ಡಬ್ಲ್ಯು ಮೇಲೆ ಬರೆದು, ಧ್ವನಿ ಬರುತ್ತದೆಯೇ, ಟ್ರ್ಯಾಕಿಂಗ್ (ಹೆಡ್ಡು ಟೇಪಿನ ಗೆರೆಯ ಮೇಲೆ ಸರಿಯಾಗಿ ಕೂರುವುದು) ಸರಿ ಇದೆಯೇ ನೋಡುತ್ತಿದ್ದೆ. ಆಮೇಲೆ ಒಂದೇ ಓಟದಲ್ಲಿ ಇಡೀ ಟೇಪನ್ನು ಡ್ಯಾಶ್ ಆರ್‌ಗೆ. ಇಲ್ಲೂ ಒಂದು ಪಾಠ ಆಯಿತು: ಮೊದಲು ತಂದ ಆರ್‌ಡಬ್ಲ್ಯು ಮೇಲೆ 6 ಎಕ್ಸ್, ಅಂದರೆ ಆರು ಪಟ್ಟು ವೇಗ, ಎಂದಿತ್ತು, ರೆಕಾರ್ಡರ್ ಅದನ್ನು ಗುರುತಿಸಲಿಲ್ಲ. ಜಾತಿ ಸರಿ, ವೇಗ ತಪ್ಪು. ರೆಕಾರ್ಡರ್ ಟಿವಿ ಓಡಿದಷ್ಟೇ ವೇಗದಲ್ಲಿ ಬರೆಯುತ್ತದೆ, ಅದಕ್ಕೆ ಆತುರವಿಲ್ಲ. ತನ್ನ ಕಾಲಕ್ಕಿಂತ ಆಮೇಲೆ ಬಂದ ವೇಗದ ಡಿಸ್ಕಿಗೆ ಲೇಸರನ್ನು ಎಷ್ಟು ಬಿಸಿ ಮಾಡಬೇಕೆಂಬುದು ಅದಕ್ಕೆ ಯಾರೂ ಕಲಿಸಿರಲಿಲ್ಲ. 2 ಎಕ್ಸ್ ತಂದೆ, ಸರಾಗವಾಗಿ ನಡೆಯಿತು.

ಇನ್ನು ಎಷ್ಟು ತುಂಬಿಸಬೇಕೆಂಬುದು. ನಮ್ಮ ಕ್ಯಾಸೆಟ್‌ಗಳು ಇ-180, ಅಂದರೆ ಮೂರು ತಾಸಿನವು. ಎಕ್ಸ್‌ಪಿ, ಎಸ್‌ಪಿ, ಎಲ್‌ಪಿ ಎಂಬವು ರೆಕಾರ್ಡರ್‌ನಲ್ಲಿ ಚಿತ್ರದ ಗುಣದ ಮಟ್ಟಗಳು, ಮೊದಲನೆಯದು ಎಲ್ಲಕ್ಕಿಂತ ಸ್ಪಷ್ಟ. 4.7 ಜಿಬಿ ಡಿಸ್ಕಿನಲ್ಲಿ ಎಕ್ಸ್‌ಪಿಯಲ್ಲಿ ಒಂದು ತಾಸು, ಎಸ್‌ಪಿಯಲ್ಲಿ ಎರಡು, ಎಲ್‌ಪಿಯಲ್ಲಿ ನಾಲ್ಕು ತಾಸು ಹಿಡಿಯುತ್ತದೆ. ಎಲ್‌ಪಿಯಲ್ಲಿ ಒಂದೇ ಡಿಸ್ಕಿಗೆ ಇಡೀ ಕ್ಯಾಸೆಟ್ ಸೇರುತ್ತಿತ್ತು. ಆದರೆ ಬಣ್ಣ ಎರಚುವಾಗ, ಹಲಗಿ ಬಾರಿಸುವವರ ಕೈ ಆಡುವಾಗ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಎರಡು ಪದರದ 8.5 ಜಿಬಿ ಡಿಸ್ಕ್ ಇತ್ತು, ನನ್ನ ರೆಕಾರ್ಡರ್ ಅದನ್ನು ಒಪ್ಪುತ್ತಿರಲಿಲ್ಲ. ಕೊನೆಗೆ ಒಂದು ಕ್ಯಾಸೆಟ್ಟನ್ನು ಒಂದೂವರೆ ತಾಸಿನ ಎರಡು ಡಿಸ್ಕಾಗಿ ಎಸ್‌ಪಿಯಲ್ಲಿ ಬರೆದೆ. ಅರ್ಧ ತಾಸಿನ ಜಾಗ ಖಾಲಿ ಬಿಟ್ಟದ್ದು ಬೇಕೆಂದೇ. ಡಿಸ್ಕ್ ಒಳಗಿನಿಂದ ಹೊರಗೆ ಬರೆಯುತ್ತಾ ಹೋಗುತ್ತದೆ. ಹೊರ ಅಂಚಿನಲ್ಲೇ ಬಣ್ಣದ ಪದರ ಏರುಪೇರಾಗುವುದು, ನಮ್ಮ ಬೆರಳು ತಾಗುವುದು, ಸೊಟ್ಟಗಾಗುವುದು ಹೆಚ್ಚು. ಅಂಚನ್ನು ಮುಟ್ಟದ ಡಿಸ್ಕ್ ಹಳೆಯ ಪ್ಲೇಯರ್‌ನಲ್ಲಿ ಕೊನೆಯವರೆಗೂ ಓಡುತ್ತದೆ.

ಫೈನಲೈಸ್ ಎಂಬುದು ಚಿಕ್ಕ ಕೆಲಸದಂತೆ ಕಾಣುತ್ತದೆ. ಬರೆದದ್ದು ಎಲ್ಲಿಂದ ಎಲ್ಲಿಯವರೆಗಿದೆ ಎಂಬ ವಿವರವನ್ನು ರೆಕಾರ್ಡರ್ ಡಿಸ್ಕಿನ ಮೊದಲಿಗೂ ಕೊನೆಗೂ ಬರೆದು ಮುಚ್ಚುತ್ತದೆ. ಅದಾಗದೆ ಬೇರೆ ಪ್ಲೇಯರ್ ಅದನ್ನು ಓದದು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಾಲ್ಕನೇ ಕ್ಯಾಸೆಟ್ಟಿನ ಎರಡನೇ ಡಿಸ್ಕ್ ಫೈನಲೈಸ್ ಆಗುತ್ತಿರುವಾಗ ಕರೆಂಟ್ ಹೋಯಿತು. ಬಂದ ಮೇಲೆ ಆ ಡಿಸ್ಕ್ ಎಲ್ಲಿಯೂ ತೆರೆಯಲಿಲ್ಲ. ಡಿಸ್ಕ್ ಹೋದದ್ದಕ್ಕೆ ದುಃಖವಾಗಲಿಲ್ಲ. ಆ ಬೂಸ್ಟು ಹಿಡಿದ ಟೇಪನ್ನು ಮತ್ತೊಮ್ಮೆ ಓಡಿಸಬೇಕಾಯಿತಲ್ಲ, ಅದಕ್ಕೆ ಹೊಟ್ಟೆ ಉರಿಯಿತು. ಆವತ್ತೇ ಒಂದು ಸಣ್ಣ ಯುಪಿಎಸ್ ತಂದು ವಿಸಿಆರ್ ಮತ್ತು ರೆಕಾರ್ಡರ್ ಎರಡನ್ನೂ ಅದಕ್ಕೆ ಕೊಟ್ಟೆ. ಡಿಸ್ಕ್ ಆಯ್ಕೆಯ ಮಾತಿನ ನಡುವೆ ಯುಪಿಎಸ್ ಏಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಕಡೆ ಇದು ಡಿಸ್ಕಿನಷ್ಟೇ ಮುಖ್ಯ.

ಬ್ರ್ಯಾಂಡಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಇಳಕಲ್ ಸೀರೆ ಕೊಳ್ಳುವ ನಮ್ಮ ಹೆಂಗಸರು ಚೀಲದ ಮೇಲಿನ ಅಂಗಡಿಯ ಹೆಸರನ್ನು ನೋಡುವುದಿಲ್ಲ. ಸೀರೆ ಬಿಚ್ಚಿ ಒಡಲು ಮತ್ತು ಸೆರಗು ಕೂಡುವಲ್ಲಿ ಕೊಂಡಿ ಹೇಗೆ ಹಾಕಿದ್ದಾರೆ ಎಂದು ನೋಡುತ್ತಾರೆ. ಡಿಸ್ಕಿನಲ್ಲೂ ಹಾಗೇ ಒಂದು ಕೊಂಡಿ ಇದೆ. ಹೊದಿಕೆಯ ಮೇಲೆ ಯಾರ ಹೆಸರೇ ಇರಲಿ, ಒಳಗೆ ಅದನ್ನು ತಯಾರಿಸಿದ ಕಾರ್ಖಾನೆಯ ಒಂದು ಗುರುತಿನ ಸಂಕೇತ ಇರುತ್ತದೆ. ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗುವ ಒಂದು ಚಿಕ್ಕ ಸಾಫ್ಟ್‌ವೇರ್ ಅದನ್ನು ಓದಿ ಹೇಳುತ್ತದೆ. ಒಂದೇ ಹೆಸರಿನ ಎರಡು ಡಬ್ಬಿ ಎರಡು ಬೇರೆ ಕಾರ್ಖಾನೆಯವಾಗಿದ್ದದ್ದನ್ನು ನಾನೇ ಅಳಿಯನ ಕಂಪ್ಯೂಟರಿನಲ್ಲಿ ನೋಡಿದೆ. ಜಪಾನಿನ ತೈಯೊ ಯುಡೆನ್‌ನ ಸಂಕೇತವಿದ್ದ ಡಿಸ್ಕ್ ಸಿಕ್ಕಾಗ ಖುಷಿಯಿಂದ ಕೊಳ್ಳುತ್ತಿದ್ದೆ. ಆ ಕಂಪನಿ 2015ರಲ್ಲಿ ಡಿಸ್ಕ್ ತಯಾರಿಕೆಯನ್ನೇ ಬಿಟ್ಟಿತು. ಸಂಕೇತ ನೋಡಲು ಆಗದವರು ಒಂದು ಡಬ್ಬಿಯಿಂದ ಎರಡು ಡಿಸ್ಕ್ ತೆಗೆದು ಬೇಕಿಲ್ಲದ ಏನನ್ನಾದರೂ ಬರೆದು, ಫೈನಲೈಸ್ ಮಾಡಿ, ಮನೆಯಲ್ಲಿರುವುದರಲ್ಲೇ ಹಳೆಯ ಪ್ಲೇಯರ್‌ನಲ್ಲಿ ಕೊನೆಯ ಹತ್ತು ನಿಮಿಷ ನೋಡಲಿ. ಮೊದಲ ಹತ್ತು ನಿಮಿಷ ನೋಡಿ ಪ್ರಯೋಜನವಿಲ್ಲ, ಅದು ಎಲ್ಲ ಡಿಸ್ಕಿನಲ್ಲೂ ಚೆನ್ನಾಗಿಯೇ ಬರುತ್ತದೆ.

2008ರ ಬೇಸಿಗೆ ಮುಗಿಯುವಷ್ಟರಲ್ಲಿ ಹತ್ತು ಕ್ಯಾಸೆಟ್ ಮುಗಿದು 20 ಡಿಸ್ಕ್ ಆದವು. ಪ್ರತಿಯೊಂದರ ಎರಡೆರಡು ನಕಲು, ಬೇರೆ ಬೇರೆ ಡಬ್ಬಿಯ ಡಿಸ್ಕ್ ಮೇಲೆ. ಏಳನೇ ಕ್ಯಾಸೆಟ್ ಮಾತ್ರ ಬಿಟ್ಟೆ. ಅದರ ಟೇಪಿನ ಅಂಚು ಪೂರ್ತಿ ಬೆಳ್ಳಗಾಗಿತ್ತು, ಕೈ ಹಾಕಲು ಧೈರ್ಯ ಬರಲಿಲ್ಲ.

2019ರಲ್ಲಿ ಎಲ್ಲ ಡಿಸ್ಕನ್ನೂ ಹಾರ್ಡ್ ಡಿಸ್ಕಿಗೆ ಇಳಿಸಲು ಕೂತೆ. ಡಿವಿಡಿಯೊಳಗಿನ ಕಡತಗಳು ಒಂದೊಂದು ಜಿಬಿಯ ತುಂಡುಗಳಾಗಿಯೇ ಇರುತ್ತವೆ. ಹಾಗೆಯೇ ನಕಲು ಮಾಡಿದರೆ ಚಿತ್ರದ ಗುಣ ಒಂದಿಷ್ಟೂ ಕೆಡುವುದಿಲ್ಲ. 20ರಲ್ಲಿ 17 ಸಲೀಸಾಗಿ ಬಂದವು. ಮೂರು ಕೊನೆಯಲ್ಲಿ ಸಿಕ್ಕಿಹಾಕಿಕೊಂಡವು. ಆ ಮೂರನ್ನೂ ತಿರುಗಿಸಿ ನೋಡಿದಾಗ ಕಾರಣ ಕಂಡಿತು: ಅವುಗಳ ಮೇಲೆ ನಾನೇ ಅಂಟಿಸಿದ ಕಾಗದದ ಲೇಬಲ್. ನಮ್ಮ 40 ಡಿಗ್ರಿ ಬೇಸಿಗೆಗಳಲ್ಲಿ ಹತ್ತು ವರ್ಷ ಕಳೆದ ಅಂಟು ಒಣಗಿ, ಕಾಗದ ಸೆಳೆದು, ಡಿಸ್ಕ್ ಬಟ್ಟಲಿನಂತೆ ಸ್ವಲ್ಪವೇ ಬಾಗಿತ್ತು. ಡಿವಿಡಿ ಎಂದರೆ 0.6 ಮಿಲಿಮೀಟರ್ ದಪ್ಪದ ಎರಡು ತಟ್ಟೆ ಅಂಟಿಸಿ ನಡುವೆ ಬರಹದ ಪದರ ಇಟ್ಟದ್ದು. ಕೂದಲೆಳೆಯಷ್ಟು ಬಾಗಿದರೂ ಅಂಚಿನಲ್ಲಿ ಲೇಸರ್ ತಪ್ಪುತ್ತದೆ. ಲೇಬಲ್ ಇಲ್ಲದ ಎರಡನೇ ನಕಲುಗಳು ಇದ್ದುದರಿಂದ ಏನೂ ಕಳೆಯಲಿಲ್ಲ. ಈಗ ನಡುವಿನ ತೂತಿನ ಸುತ್ತಲಿನ ಪಾರದರ್ಶಕ ಬಳೆಯ ಮೇಲೆ ಮಾತ್ರ, ಮೆತ್ತನೆ ತುದಿಯ ಮಾರ್ಕರ್‌ನಿಂದ, ಒಂದು ಸಂಖ್ಯೆ ಬರೆಯುತ್ತೇನೆ. ವಿವರ ಎಲ್ಲ ಒಂದು ವಹಿಯಲ್ಲಿದೆ. ಡಿಸ್ಕ್‌ಗಳು ನಿಂತ ಡಬ್ಬಿಗಳಲ್ಲಿ, ಉತ್ತರದ ಗೋಡೆಯ ಮರದ ಕಪಾಟಿನ ಕೆಳಗಿನ ಖಾನೆಯಲ್ಲಿ. ಪತ್ರಾಸ್ ಹೊದಿಸಿದ ಅಟ್ಟದ ಮೇಲೆ ಯಾರೂ ಇಡಬೇಡಿ.

ಅದೇ ವರ್ಷ ಏಳನೇ ಕ್ಯಾಸೆಟ್ಟಿಗೂ ಮನಸ್ಸು ಗಟ್ಟಿ ಮಾಡಿದೆ. ಜಗತ್ತಿನಲ್ಲಿ ಕೊನೆಯದಾಗಿ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ 2016ರಲ್ಲೇ ಅದನ್ನು ನಿಲ್ಲಿಸಿತ್ತು. ನನ್ನ ವಿಸಿಆರ್ ಕೆಟ್ಟರೆ ಮುಂದೆ ದಾರಿ ಇಲ್ಲ. ಗುಜರಿಯಿಂದ ಇನ್ನೊಂದು ಹಳೆಯ ವಿಸಿಆರ್ ತಂದು, ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅದರಲ್ಲಿ ಟೇಪನ್ನು ಹಿಂದೆ ಮುಂದೆ ಓಡಿಸಿ ಒಣ ಬಟ್ಟೆಯಿಂದ ಬೂಸ್ಟು ತೆಗೆದೆ. ಒಳ್ಳೆಯ ವಿಸಿಆರ್‌ಗೆ ಆ ಕೊಳೆ ತಾಗಬಾರದಿತ್ತು.

ಡಿಸ್ಕ್ ಹುಡುಕಲು ಮತ್ತೆ ಪೇಟೆಗೆ ಹೋದೆ. ಈಗ ಸಿಗುವುದು 16 ಎಕ್ಸ್ ಡ್ಯಾಶ್ ಆರ್ ಮಾತ್ರ. ಜೇಬಿನ ಝೆರಾಕ್ಸ್ ತೆಗೆದು ನೋಡಿದೆ, 8 ಎಕ್ಸ್ ವರೆಗೆ ಎಂದಿದೆ. ಐದು ಬಿಡಿ ಡಿಸ್ಕ್ ತಂದು ಎರಡರ ಮೇಲೆ ಟಿವಿ ಸುದ್ದಿಯನ್ನು ಒಂದೂವರೆ ತಾಸು ಬರೆದೆ. ಒಂದನ್ನು ನಮ್ಮ ಪ್ಲೇಯರ್‌ನಲ್ಲಿ ನೋಡಿದೆ. ಇನ್ನೊಂದನ್ನು ಸೊಲ್ಲಾಪುರಕ್ಕೆ ಹೊರಟಿದ್ದ ಬಂಧುವಿನ ಕೈಯಲ್ಲಿ ಅಕ್ಕನಿಗೆ ಕಳಿಸಿದೆ. ಮೂರು ದಿನ ಬಿಟ್ಟು ಫೋನ್ ಬಂತು: "ಕೊನೀತನಾ ಛಲೋ ಬಂತು ನೋಡು. ಆದ್ರ ಸುದ್ದಿ ಯಾಕ ಕಳಿಸೀಯೋ?"

ಆಮೇಲೆ ಮೂರನೇ ಡಿಸ್ಕ್ ಹಾಕಿ ಏಳನೇ ಕ್ಯಾಸೆಟ್ ಓಡಿಸಿದೆ. ಮೊದಲ ಇಪ್ಪತ್ತು ನಿಮಿಷ ಬಿಳಿ ಗೆರೆಗಳೇ. ಆಮೇಲೆ ಹಲಗಿಯ ಸದ್ದು ಮೊದಲು ಬಂತು, ಹಿಂದಿನಿಂದ ಚಿತ್ರ: ಬಣ್ಣದ ಬ್ಯಾರಲ್ ಹೊತ್ತ ಬಂಡಿ ನಮ್ಮ ತಲಬಾಗಿಲ ಮುಂದೆ ನಿಂತಿದೆ, ಅಜ್ಜಿ ಕಿಟಕಿಯಿಂದ ಬೈಯುತ್ತಿದ್ದಾಳೆ. ಅವ್ವ ಅಡುಗೆಮನೆಯಿಂದ ಓಡಿ ಬಂದಳು. ನಾನು ಯುಪಿಎಸ್‌ನ ಹಸಿರು ದೀಪ ನೋಡುತ್ತಾ ಕೂತೆ. ರಾತ್ರಿ ಹನ್ನೊಂದಕ್ಕೆ ಎರಡನೇ ಡಿಸ್ಕೂ ಫೈನಲೈಸ್ ಆಯಿತು. ಮರುದಿನ ನಕಲು ಮಾಡಿ, ಬಳೆಯ ಮೇಲೆ 7 ಎಂದು ಬರೆದು, ಅಕ್ಕನಿಗೆ ಕೊರಿಯರ್ ಮಾಡಿದೆ.