ಹಿಂಬರಹ ಕೇಳಿ: ವಿವಾಹಾಧಿಕಾರಿಯ ನಂಬಿಕೆ ನಿಮ್ಮ ಮದುವೆಗೆ ಅಡ್ಡ ಬಂದರೆ

'ನನ್ನ ಧರ್ಮ ಇದನ್ನು ಒಪ್ಪುವುದಿಲ್ಲ, ಹಾಗಾಗಿ ನಿಮ್ಮ ಅರ್ಜಿ ತೆಗೆದುಕೊಳ್ಳುವುದಿಲ್ಲ' ಎಂದು ವಿವಾಹಾಧಿಕಾರಿಯೂ ಆಗಿರುವ ಉಪನೋಂದಣಾಧಿಕಾರಿ ಬರೆದುಕೊಡುವುದು ತೀರಾ ಅಪರೂಪ. ಬೇರೆ ಬೇರೆ ಧರ್ಮದ ಇಬ್ಬರು ವಿಶೇಷ ವಿವಾಹ ಕಾಯ್ದೆಯಡಿ ನೋಟಿಸು (ಮದುವೆಯಾಗಲಿದ್ದೇವೆ ಎಂಬ ಲಿಖಿತ ಸೂಚನೆ) ಕೊಡಲು ಹೋದಾಗ ಕಿವಿಗೆ ಬೀಳುವ ಮಾತುಗಳೇ ಬೇರೆ. 'ಅಪ್ಪ ಅಮ್ಮನನ್ನು ಕರೆದುಕೊಂಡು ಬನ್ನಿ.' 'ಮತಾಂತರದ ಪತ್ರ ಇದೆಯಾ?' 'ಪೊಲೀಸರಿಂದ ಎನ್‌ಒಸಿ ತನ್ನಿ.' 'ಇವತ್ತು ಸರ್ವರ್ ಇಲ್ಲ, ಮುಂದಿನ ವಾರ ನೋಡೋಣ.' ಇವುಗಳಲ್ಲಿ ಯಾವುದು ನಿಜವಾದ ಅಡಚಣೆ, ಯಾವುದು ಅಧಿಕಾರಿಯ ಮನಸ್ಸಿನ ಅಡಚಣೆ ಎಂದು ಕೌಂಟರಿನ ಮುಂದೆ ನಿಂತಾಗಲೇ ತಿಳಿಯಬೇಕು. ತಿಳಿಯದಿದ್ದರೆ ವಾರಗಳು ಉರುಳುತ್ತವೆ, ಅಷ್ಟರಲ್ಲಿ ಸುದ್ದಿ ಊರಿಗೆ ಮುಟ್ಟುತ್ತದೆ.

ಬಾಯಿಮಾತಿನ ನಿರಾಕರಣೆಯ ಮೇಲೆ ಮೇಲ್ಮನವಿ ಹಾಕಲು ಬರುವುದಿಲ್ಲ. ಮುಂದೆ ಹೇಳುವ ಎಲ್ಲ ಹೆಜ್ಜೆಗಳ ಉದ್ದೇಶವೂ ಒಂದೇ: ಅಧಿಕಾರಿಯ 'ಇಲ್ಲ' ಎಂಬ ಮಾತನ್ನು ಕಾಗದದ ಮೇಲೆ ತರುವುದು, ಅಂದರೆ ಹಿಂಬರಹ (ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರ) ಪಡೆಯುವುದು.

ಅಧಿಕಾರಿ ಏನು ಕೇಳಬಹುದು, ಏನು ಕೇಳುವಂತಿಲ್ಲ

1954ರ ವಿಶೇಷ ವಿವಾಹ ಕಾಯ್ದೆಯ 4ನೇ ಕಲಮನ್ನು ಮುದ್ರಿಸಿ ಜೇಬಿನಲ್ಲಿಟ್ಟುಕೊಳ್ಳಿ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಇಬ್ಬರಿಗೂ ಜೀವಂತ ಸಂಗಾತಿ ಇರಬಾರದು. ಸಮ್ಮತಿ ಕೊಡುವ ಮಾನಸಿಕ ಸಾಮರ್ಥ್ಯ ಇರಬೇಕು. ನಿಷೇಧಿತ ಸಂಬಂಧದಲ್ಲಿ ಇರಬಾರದು. ಇದರ ಜೊತೆಗೆ 5ನೇ ಕಲಮಿನ ಒಂದು ಷರತ್ತಿದೆ: ನೋಟಿಸು ಕೊಡುವ ಮುನ್ನ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು. ಅಧಿಕಾರಿ ಪರಿಶೀಲಿಸಬೇಕಾದದ್ದು ಇಷ್ಟನ್ನೇ. ಪೋಷಕರ ಒಪ್ಪಿಗೆ, ಮತಾಂತರ, ಜಾತಿ, ಪೊಲೀಸ್ ಪತ್ರ ಯಾವುದೂ ಇದರಲ್ಲಿಲ್ಲ. ಯಾರೂ ಧರ್ಮ ಬದಲಿಸದೆ ಮದುವೆಯಾಗಲಿ ಎಂದೇ ಮಾಡಿದ ಕಾಯ್ದೆಯಲ್ಲಿ ಮತಾಂತರದ ಪತ್ರ ಕೇಳುವುದೆಂದರೆ ಕಾಯ್ದೆಯನ್ನು ತಲೆಕೆಳಗು ಮಾಡಿದಂತೆ.

ಹಾಗೆಂದು ಎಲ್ಲ ನಿರಾಕರಣೆಯೂ ಪೂರ್ವಗ್ರಹವಲ್ಲ. ನಮ್ಮ ಕಡೆ ಸೋದರಮಾವನ ಮಗಳು, ಸೋದರತ್ತೆಯ ಮಗಳನ್ನು ಮದುವೆಯಾಗುವ ರೂಢಿ ಇದೆಯಷ್ಟೆ. ಈ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಈ ಸಂಬಂಧಗಳು ನಿಷಿದ್ಧ. ರೂಢಿಯ ವಿನಾಯಿತಿ ಬೇಕಾದರೆ ಆ ರೂಢಿಯನ್ನು ರಾಜ್ಯ ಸರ್ಕಾರ ರಾಜ್ಯಪತ್ರದಲ್ಲಿ ಅಧಿಸೂಚಿಸಿರಬೇಕು. ವಾಸದ ದಾಖಲೆ ಇಲ್ಲದ ಜೋಡಿಯನ್ನು ಹಿಂದಕ್ಕೆ ಕಳಿಸುವುದೂ ಸರಿಯಾದ ಕ್ರಮವೇ. ಸಲಿಂಗ ಜೋಡಿಗೆ ಈ ಕಾಯ್ದೆಯಡಿ ಮದುವೆ ಇಲ್ಲ ಎಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 17ರಂದು ಹೇಳಿದೆ. ಅಂಥವರಿಗೆ ಅಧಿಕಾರಿ 'ಆಗದು' ಎಂದರೆ ಅದು ಅವರ ನಂಬಿಕೆಯ ಮಾತಲ್ಲ, ಇಂದಿನ ಕಾನೂನಿನ ಸ್ಥಿತಿ.

ಮೊದಲ ದಿನ: ಟಪಾಲಿನಲ್ಲಿ ದಾಖಲಾಗಲಿ

ಎರಡನೇ ಅನುಸೂಚಿಯ ನಮೂನೆಯಲ್ಲಿ ನೋಟಿಸು ತುಂಬಿ ಇಬ್ಬರೂ ಸಹಿ ಮಾಡಿ. ವಯಸ್ಸಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಥವಾ ಜನನ ಪತ್ರ, ವಾಸಕ್ಕೆ ಬಾಡಿಗೆ ಕರಾರು ಅಥವಾ ಆಧಾರ್, ಫೋಟೊಗಳು ಬೇಕು. ವಿಚ್ಛೇದಿತರಾದರೆ ಡಿಕ್ರಿಯ ದೃಢೀಕೃತ ನಕಲು, ಸಂಗಾತಿ ತೀರಿಹೋಗಿದ್ದರೆ ಮರಣ ಪತ್ರ ಸೇರಿಸಿ. ಪ್ರತಿಯೊಂದರ ಎರಡು ಜೊತೆ ಇರಲಿ. ಎರಡನೆಯ ಜೊತೆ ನಿಮಗಾಗಿ: ಅದರ ಮೇಲೆ ಕಚೇರಿಯ ಮೊಹರು, ದಿನಾಂಕ, ಸ್ವೀಕರಿಸಿದವರ ಸಹಿ ಬೀಳಬೇಕು.

ಇಲ್ಲಿ ಹೆಚ್ಚಿನ ಜೋಡಿಗಳು ಎಡವುತ್ತವೆ. ಅಧಿಕಾರಿ ಕಡತ ತಿರುವಿ ನೋಡಿ ವಾಪಸ್ ಕೊಡುತ್ತಾರೆ, ಜೋಡಿ ಹೊರಗೆ ಬರುತ್ತದೆ. ದಾಖಲೆಯ ಮಟ್ಟಿಗೆ ಆ ದಿನ ಏನೂ ನಡೆದೇ ಇಲ್ಲ. ಕೊಟ್ಟ ನೋಟಿಸಿಗೆ ಸ್ವೀಕೃತಿ ಕೊಡಲಿಲ್ಲವೇ? ಜಗಳ ಬೇಡ. ಅದೇ ಸಂಜೆ ನೋಟಿಸು ಮತ್ತು ಎಲ್ಲ ದಾಖಲೆಗಳನ್ನು ವಿವಾಹಾಧಿಕಾರಿಯ ಹುದ್ದೆಯ ಹೆಸರಿಗೆ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ಪುರಾವೆ ಇಟ್ಟುಕೊಳ್ಳಿ. ಜೊತೆಗೊಂದು ಪುಟದ ಪತ್ರ: 'ಇಂಥ ದಿನಾಂಕ, ಇಂಥ ಸಮಯಕ್ಕೆ ಖುದ್ದಾಗಿ ನೋಟಿಸು ಕೊಟ್ಟೆವು. ಸ್ವೀಕರಿಸಲಿಲ್ಲ. 5 ಮತ್ತು 6ನೇ ಕಲಮಿನಂತೆ ನೋಟಿಸು ದಾಖಲಿಸಿ ಪ್ರಕಟಿಸಬೇಕು. ಆಗದಿದ್ದರೆ ಕಾರಣ ಸಹಿತ ಹಿಂಬರಹ ಕೊಡಬೇಕು.' ಪತ್ರದಲ್ಲಿ ಅಧಿಕಾರಿಯ ಧರ್ಮದ ಬಗ್ಗೆ ಒಂದು ಮಾತೂ ಬೇಡ. ಅದನ್ನು ಸಾಬೀತುಪಡಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಕಾನೂನಿನ ಕರ್ತವ್ಯ ನಡೆಯಲಿಲ್ಲ ಎಂದು ತೋರಿಸಿದರೆ ಸಾಕು.

ಹಿಂಬರಹ ಕೇಳಲು ಮಾಹಿತಿ ಹಕ್ಕಿನ ಬಲವೂ ಇದೆ. 2005ರ ಕಾಯ್ದೆಯ 4(1)(ಡಿ) ಪ್ರಕಾರ, ತನ್ನ ತೀರ್ಮಾನದಿಂದ ಬಾಧಿತರಾದವರಿಗೆ ಕಚೇರಿ ಕಾರಣ ತಿಳಿಸಬೇಕು. ಪ್ರತ್ಯೇಕ ಆರ್‌ಟಿಐ ಅರ್ಜಿ ಹಾಕುವುದಾದರೆ ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇದನ್ನು ಮೀರಿದ ಅರ್ಜಿಯನ್ನು ಆ ಕಾರಣಕ್ಕೇ ತಿರಸ್ಕರಿಸುವುದುಂಟು. ಉತ್ತರಕ್ಕೆ 30 ದಿನ ಕಾಯಬೇಕಾದ್ದರಿಂದ ಇದು ಮುಖ್ಯ ದಾರಿಯಲ್ಲ, ಪಕ್ಕದ ಆಸರೆ ಮಾತ್ರ.

ಪತ್ರದ ಪ್ರತಿಯನ್ನು ಜಿಲ್ಲಾ ನೋಂದಣಾಧಿಕಾರಿಗೂ ನೋಂದಣಿ ಮಹಾಪರಿವೀಕ್ಷಕರಿಗೂ ಕಳಿಸಿ. ಎಷ್ಟೋ ಪ್ರಕರಣ ಇಲ್ಲಿಗೇ ಮುಗಿಯುತ್ತವೆ. ಮೇಲಧಿಕಾರಿ ಕಡತ ತರಿಸಿ ನೋಡುತ್ತಾರೆ ಎಂದ ಕೂಡಲೇ ಸರ್ವರ್ ಸರಿಹೋಗುತ್ತದೆ.

ತಕರಾರಿಗಾಗಿ ಕಾಯುವ 30 ದಿನಗಳಲ್ಲಿ

ನೋಟಿಸಿನ ಪ್ರತಿಯನ್ನು ಕಚೇರಿಯ ಎದ್ದುಕಾಣುವ ಜಾಗದಲ್ಲಿ ಅಂಟಿಸುತ್ತಾರೆ. ನಿಮ್ಮಲ್ಲೊಬ್ಬರ ಕಾಯಂ ವಾಸ ಬೇರೆ ಜಿಲ್ಲೆಯಾಗಿದ್ದರೆ ಅಲ್ಲಿನ ವಿವಾಹಾಧಿಕಾರಿಗೂ ಪ್ರತಿ ಹೋಗಿ ಅಲ್ಲೂ ಅಂಟುತ್ತದೆ. ಇದನ್ನು ತಪ್ಪಿಸಿ ಎಂದು ಅಧಿಕಾರಿಯನ್ನು ಬೇಡಬೇಡಿ. ಪ್ರಕಟಿಸದೆ ಮದುವೆ ಮಾಡಿಸಿದ ಅಧಿಕಾರಿಗೆ 46ನೇ ಕಲಮಿನಡಿ ಒಂದು ವರ್ಷದವರೆಗೆ ಸಾದಾ ಸಜೆ, 500 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಪ್ರಕಟಣೆ ಜೋಡಿಯ ಇಚ್ಛೆಗೆ ಬಿಟ್ಟದ್ದು ಎಂದು ಅಲಹಾಬಾದ್ ಹೈಕೋರ್ಟು 2021ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಆದರೆ ಅದು ಕರ್ನಾಟಕದ ಕಚೇರಿಗಳನ್ನು ಕಟ್ಟಿಹಾಕುವುದಿಲ್ಲ. ಅವಸರ ಮಾಡಿದ ಅಧಿಕಾರಿಗೆ ಶಿಕ್ಷೆ ಬರೆದ ಇದೇ ಕಾಯ್ದೆಯಲ್ಲಿ, ಕಾರಣವಿಲ್ಲದೆ ನಿರಾಕರಿಸಿದ ಅಧಿಕಾರಿಗೆ ಶಿಕ್ಷೆ ಇಲ್ಲ. ಇದು ಅನ್ಯಾಯ. ತಿದ್ದುಪಡಿ ಆಗಬೇಕಾದ ಜಾಗ ಇದು.

ಆದರೆ ಅಪ್ಪ ಅಮ್ಮನ ವಿಳಾಸಕ್ಕೆ ನೋಟಿಸು ಅಂಚೆ ಮಾಡುವುದಕ್ಕೆ, ಠಾಣೆಯ ಮೂಲಕ ಮನೆಗೆ ತಲುಪಿಸುವುದಕ್ಕೆ ಕಾಯ್ದೆಯಲ್ಲಿ ಅವಕಾಶವೇ ಇಲ್ಲ. ದೆಹಲಿ ಹೈಕೋರ್ಟು 2009ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. 'ನಿಮ್ಮ ಒಳ್ಳೆಯದಕ್ಕೇ ಮನೆಗೆ ತಿಳಿಸುತ್ತೇನೆ' ಎಂದು ಅಧಿಕಾರಿ ಹೊರಟರೆ ಆ ಕ್ಷಣವೇ ಲಿಖಿತ ಆಕ್ಷೇಪ ಸಲ್ಲಿಸಿ. ಇಂಥ ಒಂದು ದೂರವಾಣಿ ಕರೆ ಜೀವಕ್ಕೆ ಕುತ್ತಾಗಬಹುದು. ಬೆದರಿಕೆ ಇದ್ದರೆ ಪೊಲೀಸ್ ವರಿಷ್ಠಾಧಿಕಾರಿಗೆ, ನಗರವಾದರೆ ಆಯುಕ್ತರಿಗೆ, ಸುಪ್ರೀಂ ಕೋರ್ಟಿನ 2018ರ ಶಕ್ತಿ ವಾಹಿನಿ ತೀರ್ಪನ್ನು ಉಲ್ಲೇಖಿಸಿ ರಕ್ಷಣೆ ಕೇಳಿ. ಜೋಡಿಗಳಿಗೆ ಸುರಕ್ಷಿತ ವಸತಿಯ ನಿರ್ದೇಶನ ಅದರಲ್ಲಿದೆ. ತುರ್ತಿಗೆ 112.

ತಕರಾರು ಬಂದರೆ? 7ನೇ ಕಲಮಿನಂತೆ ಅದು 4ನೇ ಕಲಮಿನ ಷರತ್ತು ಮುರಿದಿದೆ ಎಂಬ ಆಧಾರದ ಮೇಲೆಯೇ ಇರಬೇಕು. ಅಧಿಕಾರಿ ಅದನ್ನು ನೋಟಿಸು ಪುಸ್ತಕದಲ್ಲಿ ಬರೆದುಕೊಂಡು ತಕರಾರುದಾರರ ಸಹಿ ಪಡೆಯಬೇಕು. ಫೋನ್ ಕರೆ, ಸಂಘಟನೆಯೊಂದರ ಮನವಿಪತ್ರ, ಕಚೇರಿ ಮುಂದಿನ ಘೋಷಣೆ ಯಾವುದೂ ತಕರಾರಲ್ಲ. ಪುಸ್ತಕವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು. ನೀವೂ ವಾರಕ್ಕೊಮ್ಮೆ ಹೋಗಿ ನೋಡಿ: ನೋಟಿಸು ನಿಜಕ್ಕೂ ದಾಖಲಾಗಿದೆಯೇ, ಫಲಕದಲ್ಲಿ ಯಾವ ದಿನಾಂಕದಿಂದ ಇದೆ? ಮನಸ್ಸಿಲ್ಲದ ಅಧಿಕಾರಿ ಸುಮ್ಮನೆ ತಡಮಾಡಲು ಸುಲಭದ ದಾರಿ ಎಂದರೆ ಪ್ರಕಟಣೆಯನ್ನೇ ಮುಂದೂಡುವುದು. 30 ದಿನ ಎಣಿಕೆಯಾಗುವುದು ಪ್ರಕಟವಾದ ದಿನದಿಂದ.

ಸರಿಯಾದ ತಕರಾರೇ ಬಂದರೆ ಅಧಿಕಾರಿ 30 ದಿನದೊಳಗೆ ವಿಚಾರಣೆ ಮಾಡಿ ತೀರ್ಮಾನಿಸಬೇಕು. ದುರುದ್ದೇಶದ ತಕರಾರು ಎಂದು ಕಂಡರೆ ತಕರಾರುದಾರರಿಂದ 1000 ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಅವರಿಗಿದೆ. ವಿಚಾರಣೆಯಲ್ಲಿ ಇದನ್ನು ಲಿಖಿತವಾಗಿಯೇ ಕೇಳಿ.

ನಿರಾಕರಣೆ ಕೈಗೆ ಬಂದ ಮೇಲೆ

ತಕರಾರನ್ನು ಎತ್ತಿಹಿಡಿದು ಮದುವೆ ನಿರಾಕರಿಸಿದರೆ ಆ ದಿನದಿಂದ 30 ದಿನದೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ. ಅಲ್ಲಿನ ತೀರ್ಮಾನವೇ ಅಂತಿಮ, ಅಧಿಕಾರಿ ಅದರಂತೆ ನಡೆಯಬೇಕು.

ತಕರಾರೂ ಇಲ್ಲ, ತೀರ್ಮಾನವೂ ಇಲ್ಲ, ಸುಮ್ಮನೆ ಅಲೆದಾಡಿಸುತ್ತಿದ್ದಾರೆ ಎಂದಾದರೆ ದಾರಿ ಹೈಕೋರ್ಟಿನ ಪರಮಾದೇಶ ರಿಟ್, ಅಂದರೆ ಕರ್ತವ್ಯ ಮಾಡಿ ಎಂದು ಅಧಿಕಾರಿಗೆ ಕೊಡುವ ಆದೇಶ. ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ನಿಮ್ಮ ಜಿಲ್ಲೆ ಯಾವುದಕ್ಕೆ ಸೇರುತ್ತದೋ ಅಲ್ಲಿ. ನ್ಯಾಯಾಲಯ ಮೊದಲು ಕೇಳುವುದು 'ನೀವು ಬೇಡಿಕೆ ಇಟ್ಟಿರಾ, ಅವರು ನಿರಾಕರಿಸಿದರಾ' ಎಂದು. ಮೊದಲ ದಿನದ ಪತ್ರ, ಅಂಚೆಯ ಪುರಾವೆ ಆಗ ಕೆಲಸಕ್ಕೆ ಬರುತ್ತವೆ. ವಯಸ್ಕರು ತಮ್ಮ ಆಯ್ಕೆಯವರನ್ನು ಮದುವೆಯಾಗುವುದು ಮೂಲಭೂತ ಹಕ್ಕು ಎಂದು ಕರ್ನಾಟಕ ಹೈಕೋರ್ಟು 2020ರ ನವೆಂಬರಿನಲ್ಲಿ, ವಜೀದ್ ಖಾನ್ ಪ್ರಕರಣದಲ್ಲಿ ಹೇಳಿದೆ. ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಅಧಿಕಾರಿಯ ಕುರ್ಚಿಯಲ್ಲಿ ಕೂತವರಿಗೆ

ನಂಬಿಕೆ ಇರುವುದು ತಪ್ಪಲ್ಲ. ಸಂವಿಧಾನದ 25ನೇ ವಿಧಿ ಅಂತಃಕರಣದ ಸ್ವಾತಂತ್ರ್ಯವನ್ನು ಅಧಿಕಾರಿಗೂ ಕೊಟ್ಟಿದೆ. ಆದರೆ ಆ ಮೊಹರು ಅಧಿಕಾರಿಯದ್ದಲ್ಲ, ಸರ್ಕಾರದ್ದು. ಮದುವೆ ಮಾಡಿಸುವುದೆಂದರೆ ಅದನ್ನು ಹರಸುವುದಲ್ಲ. ಷರತ್ತು ಪೂರೈಸಿದೆ ಎಂದು ದಾಖಲಿಸುವುದು. ಈ ವ್ಯತ್ಯಾಸ ಮನಸ್ಸಿಗೆ ಬಂದರೆ ಬಹಳಷ್ಟು ಕಸಿವಿಸಿ ಅಲ್ಲಿಗೇ ತೀರುತ್ತದೆ.

ಆದರೂ ಕೈ ಓಡದಿದ್ದರೆ, ಅರ್ಜಿ ಬರುವ ಮೊದಲೇ ಜಿಲ್ಲಾ ನೋಂದಣಾಧಿಕಾರಿಗೆ ಲಿಖಿತವಾಗಿ ತಿಳಿಸಿ ಬೇರೆ ಹೊಣೆ ಕೇಳಿ. ವಿಶೇಷ ವಿವಾಹ ಕಾಯ್ದೆಯಲ್ಲಿ ಅಂತಃಕರಣದ ವಿನಾಯಿತಿ ಇಲ್ಲ, ಹಾಗಾಗಿ ಇದು ವಿನಂತಿ ಮಾತ್ರ, ಹಕ್ಕಲ್ಲ. ಒಪ್ಪಿಗೆ ಬರುವವರೆಗೆ ನೋಟಿಸು ತೆಗೆದುಕೊಳ್ಳುವುದನ್ನು ನಿಲ್ಲಿಸುವಂತಿಲ್ಲ. ಗುಮಾಸ್ತರ ಕೈಯಲ್ಲಿ ಸಹಿ ಮಾಡಿಸಿ ಪಾರಾಗುವುದಂತೂ ಅಪಾಯ: 3ನೇ ಕಲಮಿನಂತೆ ರಾಜ್ಯಪತ್ರದಲ್ಲಿ ನೇಮಕವಾದ ವಿವಾಹಾಧಿಕಾರಿಯೇ ಸಹಿ ಮಾಡಬೇಕು.

ಬೇರೆಡೆಯೂ ಈ ಇಕ್ಕಟ್ಟು ಬಂದಿದೆ. ಅಮೆರಿಕದ ಕೆಂಟಕಿಯ ರೋವನ್ ಕೌಂಟಿಯಲ್ಲಿ 2015ರಲ್ಲಿ ಕ್ಲರ್ಕ್ ಕಿಮ್ ಡೇವಿಸ್ ಸಲಿಂಗ ವಿವಾಹ ವಿರೋಧಿಸಿ ಎಲ್ಲರಿಗೂ ಪರವಾನಗಿ ನಿಲ್ಲಿಸಿದರು. ನ್ಯಾಯಾಂಗ ನಿಂದನೆಗಾಗಿ ಸೆಪ್ಟೆಂಬರ್ 3ರಂದು ಜೈಲು ಸೇರಿ 8ರಂದು ಬಿಡುಗಡೆಯಾದರು. ಅಷ್ಟರಲ್ಲಿ ಸಹಾಯಕರು ಪರವಾನಗಿ ಕೊಡಲು ಶುರುಮಾಡಿದ್ದರು. ಮರುವರ್ಷ ರಾಜ್ಯವು ನಮೂನೆಯಿಂದ ಕ್ಲರ್ಕಿನ ಹೆಸರನ್ನೇ ತೆಗೆಯಿತು. ಲಂಡನ್ನಿನ ಇಸ್ಲಿಂಗ್ಟನ್‌ನ ನೋಂದಣಾಧಿಕಾರಿ ಲಿಲಿಯನ್ ಲಡೆಲ್ ಸಲಿಂಗ ಜೋಡಿಗಳ ನೋಂದಣಿಯಿಂದ ತಮಗೆ ವಿನಾಯಿತಿ ಬೇಕೆಂದು ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಗಿ 2013ರಲ್ಲಿ ಸೋತರು. ಕೆಂಟಕಿ ಮಾಡಿದ್ದು ಗಮನಿಸತಕ್ಕದ್ದು: ಅಧಿಕಾರಿಯ ಮನಸ್ಸಿಗೆ ಜಾಗ ಮಾಡಿಕೊಟ್ಟರೂ ಕೌಂಟರಿನ ಮುಂದೆ ನಿಂತವರ ಹಕ್ಕನ್ನು ಮುಟ್ಟಲಿಲ್ಲ.

ಮದುವೆಯ ದಿನ

ನೋಟಿಸು ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಮುಗಿಯದಿದ್ದರೆ ನೋಟಿಸು ಸತ್ತಂತೆ, ಮತ್ತೆ ಮೊದಲಿನಿಂದ. ಪ್ರಕಟಣೆಯ 30 ದಿನ ಕಳೆದರೆ ನಿಮಗೆ ಉಳಿಯುವುದು ಹೆಚ್ಚೆಂದರೆ ಎರಡು ತಿಂಗಳು. ಮೇಲ್ಮನವಿ ಹಾಕಿದ್ದರೆ ಮಾತ್ರ ಈ ಮೂರು ತಿಂಗಳು ನ್ಯಾಯಾಲಯದ ತೀರ್ಮಾನದ ದಿನದಿಂದ ಹೊಸದಾಗಿ ಎಣಿಕೆಯಾಗುತ್ತದೆ. 31ನೇ ದಿನವೇ ಹೋಗಿ ದಿನಾಂಕ ಕೇಳಿ.

ಮೂವರು ಸಾಕ್ಷಿಗಳು ಗುರುತಿನ ಪತ್ರದೊಂದಿಗೆ ಬರಬೇಕು. ಕೊನೇ ಗಳಿಗೆಯಲ್ಲಿ ಹಿಂಜರಿಯುವವರು ಇದ್ದೇ ಇರುತ್ತಾರೆ, ನಾಲ್ಕನೆಯವರನ್ನೂ ಕರೆದುಕೊಂಡು ಹೋಗಿ. ಘೋಷಣೆಗೆ ಸಹಿಯಾದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಕಾನೂನುಬದ್ಧ ಪತಿ, ಪತ್ನಿಯಾಗಿ ಸ್ವೀಕರಿಸಿದ್ದೇವೆ ಎಂದು ಅಧಿಕಾರಿ ಮತ್ತು ಸಾಕ್ಷಿಗಳ ಎದುರು ಬಾಯಿಬಿಟ್ಟು ಹೇಳಬೇಕು. ಕನ್ನಡದಲ್ಲಿ ಹೇಳಬಹುದು, ನಿಮಗೆ ಅರ್ಥವಾಗುವ ಯಾವ ಭಾಷೆಯಲ್ಲೂ ಹೇಳಬಹುದು. ಈ ಮಾತಿಲ್ಲದೆ ಮದುವೆ ಪೂರ್ಣವಲ್ಲ.

'ಪಿತ್ರಾರ್ಜಿತ ಆಸ್ತಿ ಹೋಗುತ್ತದೆ, ಯೋಚಿಸಿ' ಎಂದು ಕೊನೆಯಲ್ಲಿ ಹೆದರಿಸುವುದುಂಟು. ಹಿಂದೂ, ಬೌದ್ಧ, ಸಿಖ್, ಜೈನರಾದವರು ಈ ಧರ್ಮಗಳ ಹೊರಗಿನವರನ್ನು ಮದುವೆಯಾದರೆ 19ನೇ ಕಲಮಿನಂತೆ ಅವಿಭಕ್ತ ಕುಟುಂಬದಿಂದ ಬೇರ್ಪಟ್ಟಂತೆ ಆಗುತ್ತದೆ ಎಂಬುದು ನಿಜ. ಪಾಲು ಕಳೆದುಹೋಗುವುದಿಲ್ಲ.

ಪ್ರಮಾಣಪತ್ರ ಪುಸ್ತಕಕ್ಕೆ ಸಹಿ ಹಾಕುವ ಮೊದಲು ಹೆಸರಿನ ಕಾಗುಣಿತ, ಜನ್ಮದಿನಾಂಕ, ವಿಳಾಸಗಳನ್ನು ಪಾಸ್‌ಪೋರ್ಟ್ ಮತ್ತು ಅಂಕಪಟ್ಟಿಯ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ತಪ್ಪು ಉಳಿದರೆ ಅದನ್ನು ತಿದ್ದಬೇಕಾದವರೂ ವಿವಾಹಾಧಿಕಾರಿಯೇ. ತಿದ್ದುಪಡಿಯನ್ನು ನಿಮ್ಮ ಅಥವಾ ಇಬ್ಬರು ಸಾಕ್ಷಿಗಳ ಎದುರು, ಪುಟದ ಅಂಚಿನಲ್ಲಿ ಬರೆಯಬೇಕಾಗುತ್ತದೆ. ದೃಢೀಕೃತ ನಕಲುಗಳನ್ನು ಅಂದೇ ಕೇಳಿ, ಎರಡಾದರೂ ಇರಲಿ.