ಮಕ್ಕಳಿಗೆ ಫುಟ್‌ಬಾಲ್ ಆಡಿಸುವವರೇ, ಮೊದಲು ಚೆಂಡು ನೋಡಿ

ದಾವಣಗೆರೆಯಲ್ಲಿ ಭಾನುವಾರ ಬೆಳಿಗ್ಗೆ ಓಣಿ ಮಕ್ಕಳನ್ನು ಸೇರಿಸಿ ಫುಟ್‌ಬಾಲ್ ಆಡಿಸುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಚೆಂಡಿನ ಸೈಜ್ ನೋಡಿ ತನ್ನಿ. 8 ವರ್ಷದೊಳಗಿನವರಿಗೆ 3ನೇ ಸೈಜ್, ಅಲ್ಲಿಂದ 12ರವರೆಗೆ 4ನೇ ಸೈಜ್. ದೊಡ್ಡವರ 5ನೇ ಸೈಜ್ ಕೊಟ್ಟರೆ ಪುಟ್ಟ ಕಾಲು ನೋಯುತ್ತದೆ, ಮಗು ಹೆದರಿ ಹಿಂದೆ ಸರಿಯುತ್ತದೆ.

20 ಮಕ್ಕಳನ್ನು ಒಂದೇ ಆಟಕ್ಕೆ ಬಿಡಬೇಡಿ. ಚುರುಕಾದ ಮೂವರು ಆಡುತ್ತಾರೆ, ಉಳಿದವರು ಸುಮ್ನೆ ಓಡುತ್ತಾರೆ ಅಷ್ಟೇ. ನಾಲ್ವರ ಎದುರು ನಾಲ್ವರು, ಚಪ್ಪಲಿ ಇಟ್ಟು ಸಣ್ಣ ಗೋಲು, ಗೋಲ್‌ಕೀಪರ್ ಬೇಡ. ಆಗ ಎಲ್ಲರ ಕಾಲಿಗೂ ಚೆಂಡು ಸಿಗುತ್ತದೆ. ಹೈಸ್ಕೂಲ್ ಮೈದಾನದಲ್ಲಿ ಕ್ರಿಕೆಟ್‌ನವರು ಜಾಗ ಹಿಡಿದಿದ್ದರೂ ಇದಕ್ಕೆ ಒಂದು ಮೂಲೆ ಸಾಕು. ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದ ಒದೆಸುವುದನ್ನು ಮಾತ್ರ ಕಡಿಮೆ ಮಾಡಿ. ಕಾಯುತ್ತಾ ನಿಂತ ಮಗು ಏನೂ ಕಲಿಯುವುದಿಲ್ಲ, ಪಕ್ಕದವನನ್ನು ತಳ್ಳೋಕೆ ಶುರುಮಾಡುತ್ತದೆ.

ತಲೆಯಿಂದ ಚೆಂಡು ಹೊಡೆಯುವುದನ್ನು ಚಿಕ್ಕವರಿಗೆ ಕಲಿಸಲೇಬೇಡಿ. ತಲೆಗೆ ಪೆಟ್ಟಾಗುತ್ತದೆ ಅಂತ ಅಮೆರಿಕದ ಫುಟ್‌ಬಾಲ್ ಒಕ್ಕೂಟ 10 ವರ್ಷದವರೆಗಿನ ಮಕ್ಕಳಿಗೆ ಇದು ಬೇಡ ಎಂದು 2015ರಲ್ಲೇ ಹೇಳಿತು.

ನಮ್ಮೂರ ಏಪ್ರಿಲ್ ಬಿಸಿಲು ಗೊತ್ತೇ ಇದೆ ಅಲ್ವಾ? ಆರೂವರೆಗೆ ಶುರುಮಾಡಿ, ಎಂಟಕ್ಕೆ ಮುಗಿಸಿ. 15 ನಿಮಿಷಕ್ಕೊಮ್ಮೆ ನೀರು ಕುಡಿಸಿ, ಮಕ್ಕಳು ಕೇಳಲಿ ಬಿಡಲಿ.

ಗೆರೆಯಾಚೆ ನಿಂತು ಜಾಸ್ತಿ ಕೂಗಾಡುವ ಅಪ್ಪಂದಿರಿಗೆ ಒಂದು ಕೆಲಸ ಕೊಡಿ. ನೀರಿನ ಕ್ಯಾನ್ ಅವರ ಕೈಗೆ, ರಸ್ತೆಗೆ ಹೋದ ಚೆಂಡು ತರುವುದೂ ಅವರೇ.